ಹೊರಗೆ ಜಡಿಮಳೆ, ಒಳಗೆ ಒಣಗುವ ಮೊಟ್ಟೆ: ಕಾವುಪೆಟ್ಟಿಗೆಯ ದೋಷ ಹುಡುಕುವುದು

ಮೃಗಶಿರ ಮಳೆ ಹಿಡಿದ ಮೇಲೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಾವು ಸಾಕುವವರಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ: ಬಾಲ್ ಪೈಥಾನ್ ಎಂಬ ಆಫ್ರಿಕಾ ಮೂಲದ ಸಾಕುಹಾವಿನ ಮೊಟ್ಟೆ ಕುಗ್ಗುತ್ತಿದೆ, ಮೇಲ್ಭಾಗದಲ್ಲಿ ತಗ್ಗು ಬಿದ್ದಿದೆ. ಮನೆಯ ಗೋಡೆ ಬೆವರುತ್ತಿದೆ, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿದಿದೆ, ಡಬ್ಬಿಯ ಹಪ್ಪಳ ಮೆತ್ತಗಾಗಿದೆ. ಅಂಥದ್ದರಲ್ಲಿ ಮೊಟ್ಟೆ ಒಣಗುತ್ತಿದೆ ಎಂದರೆ ಯಾರೂ ನಂಬುವುದಿಲ್ಲ. ಶಿರಸಿಯ ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ್ದೂ ಅದನ್ನೇ: "ಇಷ್ಟ್ ಮಳೆ ಹೊಡೀತಾ ಇದ್ದು, ಪೆಟ್ಟಿಗೆ ಒಳಗೆ ಒಣಗ್ತು ಅಂದ್ರೆ ಹ್ಯಾಂಗೆ ಮಾರಾಯಾ?"

ಹೇಗೆಂದರೆ, ಗಾಳಿ ಬಿಸಿಯಾದಷ್ಟೂ ಅದಕ್ಕೆ ಇನ್ನೂ ನೀರು ಬೇಕು. ಮಳೆಗಾಲದ ಕೋಣೆಯಲ್ಲಿ 26 ಡಿಗ್ರಿ, ತೇವಾಂಶ ಶೇ 90 ಎಂದಿಟ್ಟುಕೊಳ್ಳಿ. ಅದೇ ಗಾಳಿಯನ್ನು ಒಂದು ಹನಿ ನೀರೂ ಸೇರಿಸದೆ 31.5 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇ 65ರ ಆಸುಪಾಸಿಗೆ ಇಳಿಯುತ್ತದೆ. ಬಾಲ್ ಪೈಥಾನ್ ಮೊಟ್ಟೆಗೆ ಬೇಕಾದದ್ದು ಶೇ 95ರಿಂದ 100. ಘಟ್ಟದ ಮೇಲಿನ ಚಳಿಗಾಲದ ಕತೆ ಇನ್ನೂ ಕೆಟ್ಟದ್ದು. ಬೆಳಗಿನ ಜಾವ 16 ಡಿಗ್ರಿಯ ಗಾಳಿ ಮಂಜು ತುಂಬಿ ಶೇ 100 ತೇವದಲ್ಲೇ ಇದ್ದರೂ, 31.5ಕ್ಕೆ ಕಾಯುವ ಹೊತ್ತಿಗೆ ಶೇ 39 ಉಳಿಯುತ್ತದೆ. ಅಂದರೆ ಗಾಳಿಕಿಂಡಿಯಿಂದ ಒಳಬರುವ ಗಾಳಿ ನಮ್ಮ ಚರ್ಮಕ್ಕೆ ಎಷ್ಟೇ ಒದ್ದೆ ಅನ್ನಿಸಲಿ, ಮೊಟ್ಟೆಯ ಮಟ್ಟಿಗೆ ಅದು ಒಣಗಾಳಿಯೇ. ಪೆಟ್ಟಿಗೆಯೊಳಗಿನ ಫ್ಯಾನು ಆ ಒಣಗಾಳಿಯನ್ನು ಹಗಲೂ ರಾತ್ರಿ ಎಳೆದುಕೊಂಡು, ಒಳಗಿನ ನೀರಾವಿಯನ್ನು ಹೊರಗೆ ತಳ್ಳುತ್ತಿರುತ್ತದೆ.

ಹಾಗಾಗಿ ದೋಷ ಹುಡುಕುವಾಗ ನನ್ನ ಮೊದಲ ಪ್ರಶ್ನೆ ತೇವಾಂಶ ಎಷ್ಟು ಎಂಬುದಲ್ಲ. ಕಿಂಡಿ ಯಾವ ಡಬ್ಬಿಗೆ ಕೊರೆದಿದ್ದೀರಿ ಎಂಬುದು. ಸರಿಯಾದ ವ್ಯವಸ್ಥೆಯಲ್ಲಿ ಎರಡು ಡಬ್ಬಿ ಇರುತ್ತವೆ. ಹೊರಗಿನದು ಕಾವುಪೆಟ್ಟಿಗೆ: ಥರ್ಮೋಕೋಲಿನದೋ ಹಳೆಯ ಫ್ರಿಜ್ಜಿನದೋ, ಅದರಲ್ಲಿ ಹೀಟರ್, ಫ್ಯಾನು, ಥರ್ಮೋಸ್ಟಾಟ್. ಒಳಗಿನದು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ: ಅದರಲ್ಲಿ ಒದ್ದೆ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಪುಡಿ), ಅದರ ಮೇಲೆ ಮೊಟ್ಟೆ. ಫ್ಯಾನೂ ಕಿಂಡಿಯೂ ಹೊರಪೆಟ್ಟಿಗೆಗೆ. ಒಳಡಬ್ಬಿಗೆ ಬಿಸಿ ಸೂಜಿಯಲ್ಲಿ ಚುಚ್ಚಿದ ಎರಡೋ ನಾಲ್ಕೋ ತೂತು ಸಾಕು. ತೂತೇ ಇಲ್ಲದೆ ವಾರಕ್ಕೊಮ್ಮೆ ಮುಚ್ಚಳ ತೆಗೆದರೂ ನಡೆಯುತ್ತದೆ. ಬಹಳ ಮಂದಿ ಮಾಡುವುದು ಇದಕ್ಕೆ ಉಲ್ಟಾ: ಒಳಡಬ್ಬಿಯ ಮುಚ್ಚಳವನ್ನೇ ತೆಗೆದಿಟ್ಟು, ಹೊರಪೆಟ್ಟಿಗೆಯ ಮೂಲೆಯಲ್ಲಿ ನೀರಿನ ಬಟ್ಟಲು ಇಡುತ್ತಾರೆ. ಕೋಳಿಮೊಟ್ಟೆಯ ಯಂತ್ರವನ್ನೇ ಹಾವಿಗೆ ಬಳಸಿದಾಗ ಆಗುವುದೂ ಇದೇ. ಆ ಯಂತ್ರ ಇರುವುದು 37.5 ಡಿಗ್ರಿಗೆ, ಗಟ್ಟಿ ಚಿಪ್ಪಿನ ಮೊಟ್ಟೆಗೆ. ಸಾಲದ್ದಕ್ಕೆ ಅದರಲ್ಲಿ ಮೊಟ್ಟೆ ಹೊರಳಿಸುವ ಮೋಟಾರು ಬೇರೆ. ಹಾವಿನ ಮೊಟ್ಟೆಯನ್ನು ಹೊರಳಿಸಬಾರದು. ಇಟ್ಟ ದಿನವೇ ಪೆನ್ಸಿಲಿನಿಂದ ಮೇಲ್ಭಾಗಕ್ಕೆ ಗುರುತು ಹಾಕಿ, ಕೊನೆಯವರೆಗೂ ಆ ಗುರುತು ಮೇಲೇ ಇರುವಂತೆ ನೋಡಿಕೊಳ್ಳಬೇಕು. ಬಾಲ್ ಪೈಥಾನ್ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಿಡಿಸಲು ಹೋಗಬೇಡಿ, ಗೊಂಚಲನ್ನು ಹಾಗೇ ಇಡಿ.

ತಕ್ಕಡಿ ಮೊದಲು, ಮೀಟರ್ ಆಮೇಲೆ

ಎಲ್ಲಕ್ಕಿಂತ ಮೊದಲು ಬೇಕಾದ ಉಪಕರಣ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮೊಟ್ಟೆ, ವರ್ಮಿಕ್ಯುಲೈಟ್, ಮುಚ್ಚಳ ಎಲ್ಲ ಸೇರಿಸಿ ಒಳಡಬ್ಬಿಯನ್ನು ಮೊದಲ ದಿನವೇ ತೂಗಿ, ಗ್ರಾಂ ಎಷ್ಟೆಂದು ಮುಚ್ಚಳದ ಮೇಲೆ ಮಾರ್ಕರಿನಿಂದ ಬರೆದಿಡಿ. ವಾರಕ್ಕೊಮ್ಮೆ ಮತ್ತೆ ತೂಗಿ. ಮೊಟ್ಟೆ ನೀರು ಹೀರಿದರೂ ಆ ನೀರು ಡಬ್ಬಿಯೊಳಗೇ ಇರುತ್ತದೆ, ಹಾಗಾಗಿ ಡಬ್ಬಿ ಕಳೆದುಕೊಂಡ ತೂಕವೆಲ್ಲ ಹೊರಗೆ ಹೋದ ನೀರೇ ಅಂದುಕೊಳ್ಳಬಹುದು. ಒಂದು ಗ್ರಾಂ ಅಂದರೆ ಒಂದು ಮಿಲಿಲೀಟರ್. ಕಳೆದಷ್ಟು ನೀರನ್ನು, ಪೆಟ್ಟಿಗೆಯೊಳಗೇ ಇಟ್ಟು ಬೆಚ್ಚಗಾದ ನೀರನ್ನು, ಡಬ್ಬಿಯ ಅಂಚಿನ ಗುಂಟ ಸಿರಿಂಜಿನಿಂದ ಬಿಡಿ. ಮೊಟ್ಟೆಯ ಮೇಲೆ ಹನಿ ಬೀಳಬಾರದು.

ಈ ತೂಕವೇ ದೋಷದ ದಿಕ್ಕು ತೋರಿಸುತ್ತದೆ. ತೂಕ ಇಳಿಯುತ್ತಿದ್ದು ಮೊಟ್ಟೆಯೂ ಕುಗ್ಗುತ್ತಿದ್ದರೆ ಗಾಳಿ ಹೆಚ್ಚಾಗಿದೆ. ತೂತುಗಳಿಗೆ ಟೇಪು ಹಚ್ಚಿ, ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ ನೋಡಿ. ತೂಕ ಹಾಗೇ ಇದ್ದೂ ಮೊಟ್ಟೆ ಕುಗ್ಗುತ್ತಿದ್ದರೆ ನೀರು ಡಬ್ಬಿಯೊಳಗೇ ಇದೆ, ಮೊಟ್ಟೆಗೆ ಮಾತ್ರ ಸಿಗುತ್ತಿಲ್ಲ. ಅದಕ್ಕೆ ಕಾರಣ ಬೇರೆ, ಮುಂದೆ ಹೇಳುತ್ತೇನೆ.

ಮುಚ್ಚಳ ತೆಗೆದರೆ ತೇವವೆಲ್ಲ ಹೋಗುತ್ತದೆ ಎಂಬ ಹೆದರಿಕೆಗೂ ಒಂದು ಲೆಕ್ಕ ಇದೆ. 31.5 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಒಂದು ಘನಮೀಟರ್ ಗಾಳಿಯಲ್ಲಿ ಇರುವ ನೀರು ಸುಮಾರು 33 ಗ್ರಾಂ. ಐದು ಲೀಟರಿನ ಡಬ್ಬಿಯಲ್ಲಿ ಅದು ಒಂದು ಗ್ರಾಂನ ಆರನೇ ಒಂದು ಪಾಲು. ಮುಚ್ಚಳ ತೆಗೆದು ಬೀಸಣಿಗೆಯಿಂದ ಬೀಸಿದರೂ ಹೋಗುವುದು ಅಷ್ಟೇ, ಒದ್ದೆ ವರ್ಮಿಕ್ಯುಲೈಟ್ ಅದನ್ನು ಬೇಗನೆ ತುಂಬಿಕೊಡುತ್ತದೆ. ಒಣಗಿಸುವುದು ವಾರಕ್ಕೊಮ್ಮೆ ತೆಗೆಯುವ ಮುಚ್ಚಳವಲ್ಲ, ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಕಿಂಡಿ.

ಮೊಟ್ಟೆ ತಗ್ಗು ಬಿದ್ದರೆ

ಮೊದಲು ದಿನ ಎಣಿಸಿ. 31ರಿಂದ 32 ಡಿಗ್ರಿಯಲ್ಲಿ ಬಾಲ್ ಪೈಥಾನ್ ಮೊಟ್ಟೆ ಒಡೆಯಲು 55ರಿಂದ 60 ದಿನ ಬೇಕು. ಕೊನೆಯ ಹತ್ತು ಹದಿನೈದು ದಿನಗಳಲ್ಲಿ ಮೊಟ್ಟೆ ಮೆತ್ತಗಾಗಿ ತಗ್ಗು ಬೀಳುವುದು ಸಹಜ, ಅದಕ್ಕೆ ಔಷಧ ಬೇಡ. ಆಗ ಗಾಬರಿಬಿದ್ದು ನೀರು ಸುರಿದವರೇ ಮರಿ ಕಳೆದುಕೊಳ್ಳುವುದು. ತಗ್ಗು ಮೊದಲ ಒಂದು ತಿಂಗಳಲ್ಲೇ ಬಿದ್ದರೆ ಮಾತ್ರ ಅದು ನೀರಿನ ಕೊರತೆ.

ಎಲ್ಲ ಮೊಟ್ಟೆಗೂ ಒಟ್ಟಿಗೇ ತಗ್ಗು ಬಿದ್ದಿದ್ದರೆ ಡಬ್ಬಿಯ ದೋಷ. ಒಂದಕ್ಕೇ ಬಿದ್ದಿದ್ದರೆ ಆ ಮೊಟ್ಟೆಯದೇ ದೋಷ: ಕತ್ತಲಲ್ಲಿ ಚಿಕ್ಕ ಟಾರ್ಚು ಹಿಡಿದು ನೋಡಿ. ಕೆಂಪು ರಕ್ತನಾಳಗಳ ಬಲೆ ಕಂಡರೆ ಜೀವ ಇದೆ. ಬರೀ ಹಳದಿ ಬೆಳಕು ತುಂಬಿಕೊಂಡರೆ ಅದು ಮೊದಲಿನಿಂದಲೂ ಬಂಜೆ ಮೊಟ್ಟೆ. ಕೆಲವು ಮೊಟ್ಟೆಯ ಚಿಪ್ಪಿನಲ್ಲಿ ತೆಳ್ಳಗಿನ, ಬೆಳಕು ಹಾಯುವ ಮಚ್ಚೆಗಳಿರುತ್ತವೆ. ಅಂಥವು ಪಕ್ಕದ ಮೊಟ್ಟೆಗಿಂತ ಬೇಗ ನೀರು ಬಿಡುತ್ತವೆ, ಅವಕ್ಕಾಗಿ ಇಡೀ ಡಬ್ಬಿಯ ತೇವವನ್ನು ಸ್ವಲ್ಪ ಮೇಲಿಡಬೇಕಾಗುತ್ತದೆ. ತಗ್ಗಿನ ಮೊಟ್ಟೆಯ ಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಟಿಶ್ಯೂ ಕಾಗದ ಹೊದಿಸಿ ಕಿಂಡಿ ಮುಚ್ಚಿದರೆ ಜೀವ ಇರುವ ಮೊಟ್ಟೆ ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಈಗ ತೂಕ ಇಳಿಯದೆ ಮೊಟ್ಟೆ ಕುಗ್ಗುವ ಆ ಇನ್ನೊಂದು ಬಗೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಒಂದು ಕಾರಣ ತೆಂಗಿನ ನಾರಿನ ಪುಡಿ. ವರ್ಮಿಕ್ಯುಲೈಟ್ ತರಿಸುವ ಬದಲು ಕೈಗೆ ಸಿಗುವ ನಾರಿನ ಪುಡಿಯನ್ನೇ ತುಂಬುವವರಿದ್ದಾರೆ, ತಪ್ಪೇನಿಲ್ಲ. ಆದರೆ ಸಿಪ್ಪೆಯನ್ನು ಹಿನ್ನೀರಿನ ಸವುಳು ನೀರಿನಲ್ಲಿ ಕೊಳೆಹಾಕಿ ತೆಗೆದ ಪುಡಿಯಾದರೆ ಅದರಲ್ಲಿ ಉಪ್ಪು ಕೂತಿರುತ್ತದೆ. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಟ್ಟೆಗೆ ಬಿಡುವುದಿಲ್ಲ. ಮುಟ್ಟಿದರೆ ಒದ್ದೆ, ಹಿಂಡಿದರೆ ಉಂಡೆ, ಮೊಟ್ಟೆ ಮಾತ್ರ ಸೊರಗುತ್ತದೆ. ಪರೀಕ್ಷೆ ಸುಲಭ: ಒಂದು ಮುಷ್ಟಿ ಪುಡಿಯನ್ನು ಲೋಟ ನೀರಿನಲ್ಲಿ ರಾತ್ರಿ ನೆನೆಸಿ, ಆ ನೀರನ್ನು ಸೋಸಿ ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಟ್ಟು ಆರಿಸಿ. ಕಂದು ಕಲೆ ಉಳಿಯುವುದು ಮಾಮೂಲು. ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದರೆ ಉಪ್ಪು. ಬಾವಿನೀರಿನಲ್ಲಿ ನಾಲ್ಕಾರು ಸಲ ತೊಳೆದು ಹಿಂಡಿದರೆ ಸರಿಹೋಗುತ್ತದೆ. ಶಿರಸಿ ಕಡೆ ಅಡಿಕೆ ಸಿಪ್ಪೆಯನ್ನು ಹೀಗೆ ಬಳಸಿದ್ದನ್ನೂ ನೋಡಿದ್ದೇನೆ. ಅದು ಬೇಡ, ವಾರದೊಳಗೆ ಬೂಷ್ಟು.

ಅತಿ ಒದ್ದೆಯ ಲಕ್ಷಣ

ವರ್ಮಿಕ್ಯುಲೈಟಿನ ಪಾಠವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: ನೂರು ಗ್ರಾಂಗೆ 80ರಿಂದ 100 ಮಿಲಿಲೀಟರ್ ನೀರು. ಆ ಲೆಕ್ಕ ಒಣ ಪುಡಿಗೆ. ಜುಲೈ ತಿಂಗಳಲ್ಲಿ ಬಾಯಿ ಬಿಚ್ಚಿಟ್ಟ ಚೀಲದಲ್ಲಿರುವುದು ಒಣ ಪುಡಿಯಲ್ಲ, ನಾರಿನ ಪುಡಿಯಂತೂ ಅಲ್ಲವೇ ಅಲ್ಲ. ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿ ಆಮೇಲೆ ತೂಗಿ. ಕೊನೆಯ ತೀರ್ಪು ಮುಷ್ಟಿಯದು: ಹಿಂಡಿದಾಗ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು.

ಹೆಚ್ಚಾದರೆ ಮೊಟ್ಟೆ ಬಿಗಿಯಾಗಿ ಊದಿಕೊಳ್ಳುತ್ತದೆ, ಕೆಳಭಾಗ ಕಂದಾಗಿ ಲೋಳೆಯಾಗುತ್ತದೆ. ಒದ್ದೆಗೆ ತಾಗಿದ ಕಡೆ ಚಿಪ್ಪಿನ ರಂಧ್ರ ಮುಚ್ಚಿಹೋಗಿ ಗಾಳಿಯೂ ಸಿಗುವುದಿಲ್ಲ. ಅದಕ್ಕೇ ಬಾಲ್ ಪೈಥಾನ್ ಸಾಕುವ ಹಲವರು ಮೊಟ್ಟೆಯನ್ನು ಪುಡಿಗೆ ತಾಗಿಸುವುದೇ ಇಲ್ಲ. ಒದ್ದೆ ಪರ್ಲೈಟಿನ (ಬಿಳಿಯ, ಹಗುರವಾದ ಖನಿಜದ ಹರಳು) ಮೇಲೆ ಪ್ಲಾಸ್ಟಿಕ್ ಜಾಲರಿ ಇಟ್ಟು ಅದರ ಮೇಲೆ ಗೊಂಚಲು ಕೂರಿಸುತ್ತಾರೆ. ನಮ್ಮ ಹವೆಗೆ ಈ ಪದ್ಧತಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಇಗ್ವಾನಾ ಎಂಬ ದೊಡ್ಡ ಹಲ್ಲಿಯ ಮೊಟ್ಟೆಗೆ ಮಾತ್ರ ಇದು ಹೊಂದುವುದಿಲ್ಲ. ಅದು ಪುಡಿಯಿಂದ ನೀರು ಹೀರಿ ದೊಡ್ಡದಾಗುತ್ತಾ ಹೋಗುವ ಮೊಟ್ಟೆ. ಅರ್ಧ ಹೂತಿಟ್ಟು, ಒಂದರಿಂದ ಇನ್ನೊಂದಕ್ಕೆ ಜಾಗ ಬಿಡಬೇಕು.

ಮುಚ್ಚಳದಿಂದ ಹನಿ

ಮುಚ್ಚಳದ ಒಳಮೈಯಲ್ಲಿ ತೆಳ್ಳಗೆ ಮಂಜು ಕಟ್ಟಿದ್ದರೆ ಒಳ್ಳೆಯದೇ, ಒಳಗೆ ತೇವ ತುಂಬಿದೆ ಎಂದರ್ಥ. ಹನಿಗೂಡಿ ಮೊಟ್ಟೆಯ ಮೇಲೆ ಬೀಳತೊಡಗಿದರೆ ದೋಷ. ಇದನ್ನು ಕಂಡ ಕೂಡಲೇ ನೀರು ಹೆಚ್ಚಾಯಿತು ಎಂದು ಪುಡಿ ಒಣಗಿಸುತ್ತಾರೆ, ಇಲ್ಲವೇ ಇನ್ನಷ್ಟು ತೂತು ಹೊಡೆಯುತ್ತಾರೆ. ಎರಡೂ ಸಲ್ಲ. ಹನಿ ಕಟ್ಟುವುದು ನೀರಿನ ಪ್ರಮಾಣದಿಂದಲ್ಲ, ಮುಚ್ಚಳ ಪುಡಿಗಿಂತ ತಣ್ಣಗಿರುವುದರಿಂದ. ಹೀಟ್ ಮ್ಯಾಟನ್ನು ಡಬ್ಬಿಯ ಅಡಿಗೇ ಹಾಸಿದ್ದರೆ ಕೆಳಗಿನ ನೀರು ಆವಿಯಾಗಿ ಮೇಲೇರಿ, ತಣ್ಣನೆಯ ಮುಚ್ಚಳಕ್ಕೆ ತಾಗಿ, ಹನಿಯಾಗಿ ಇಳಿಯುತ್ತದೆ. ಗೇರುಹಣ್ಣಿನ ರಸದಿಂದ ಫೆನ್ನಿ ಇಳಿಸುವ ಭಟ್ಟಿಯಲ್ಲಿ ನಡೆಯುವುದೂ ಇದೇ ಕೆಲಸ. ಮೇಲೆ ಹನಿ, ತಳದ ಪುಡಿ ಒಣ: ಈ ಎರಡೂ ಒಟ್ಟಿಗೆ ಕಂಡರೆ ಕಾವು ಅಡಿಯಿಂದ ಬರುತ್ತಿದೆ ಎಂದು ಕಣ್ಣುಮುಚ್ಚಿ ಹೇಳಬಹುದು.

ಹೀಟರನ್ನು ಹೊರಪೆಟ್ಟಿಗೆಯ ಗೋಡೆಗೋ ಮೇಲ್ಭಾಗಕ್ಕೋ ಬದಲಾಯಿಸಿ, ಫ್ಯಾನಿನ ಗಾಳಿ ಒಳಡಬ್ಬಿಯ ಮುಚ್ಚಳದ ಮೇಲೆ ಹಾಯುವಂತೆ ಮಾಡಿ. ಅಷ್ಟರವರೆಗೆ ಡಬ್ಬಿಯ ಒಂದು ಬದಿಗೆ ಚಿಕ್ಕ ಮರದ ತುಂಡು ಕೊಟ್ಟು ಓರೆ ಮಾಡಿದರೆ ಹನಿಗಳು ಮುಚ್ಚಳದ ಗುಂಟ ಜಾರಿ ಮೂಲೆಗೆ ಇಳಿಯುತ್ತವೆ.

ಮಳೆಗಾಲದ ರಾತ್ರಿ ಕರೆಂಟು ಹೋದಾಗಲೂ ಹೀಗೇ ಹನಿ ಕಟ್ಟುತ್ತದೆ. ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೋ ಹೇಳಲಾಗದು. ಕೋಣೆ 24ಕ್ಕೆ ಇಳಿದು ಹೊರಗಿನಿಂದ ಡಬ್ಬಿ ತಣ್ಣಗಾದರೆ ಮುಚ್ಚಳ ಬೆವರಲೇಬೇಕು. ಅದು ದೋಷವಲ್ಲ, ಕರೆಂಟು ಬಂದು ಕೆಲವು ಗಂಟೆಗಳಲ್ಲಿ ಆರುತ್ತದೆ. ಕೆಲವು ಗಂಟೆ 24ಕ್ಕೆ ಇಳಿದದ್ದರಿಂದ ಮೊಟ್ಟೆ ಸಾಯುವುದಿಲ್ಲ, ಒಡೆಯುವುದು ತಡವಾದೀತು ಅಷ್ಟೆ. ಹೊರಪೆಟ್ಟಿಗೆಯ ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನು ಮೊದಲೇ ಇಟ್ಟಿದ್ದರೆ ಅವು ಕಾವನ್ನು ಹಿಡಿದಿಟ್ಟು ಆ ಇಳಿತವನ್ನು ನಿಧಾನಗೊಳಿಸುತ್ತವೆ. ಕರೆಂಟಿಲ್ಲದಾಗ ಪದೇಪದೇ ಮುಚ್ಚಳ ತೆಗೆದು ನೋಡುವುದು ಬೇಡ.

ಮೀಟರ್ ಹೇಳುವ ಸುಳ್ಳು

ಎರಡು ದಿನ ಮುಚ್ಚಿಟ್ಟ ಡಬ್ಬಿಯಲ್ಲಿ ಮುಚ್ಚಳಕ್ಕೆ ಮಂಜು ಕಟ್ಟಿದೆ, ಮೀಟರ್ ಶೇ 78 ತೋರಿಸುತ್ತಿದೆ. ಯಾರನ್ನು ನಂಬುವುದು? ಮಂಜನ್ನು. ಅಗ್ಗದ ಡಿಎಚ್‌ಟಿ 11 ಸೆನ್ಸರು ಮಾಡಿರುವುದೇ ಶೇ 20ರಿಂದ 90ರ ನಡುವಿನ ತೇವಕ್ಕೆ. ನಮಗೆ ಬೇಕಾದ ಎತ್ತರಕ್ಕೆ ಅದರ ಕೈ ಎಟುಕುವುದಿಲ್ಲ. ಡಿಎಚ್‌ಟಿ 22 ವಾಸಿ, ಆದರೆ ಅದರ ಮೇಲೆ ನೀರಹನಿ ಕೂತರೆ 99.9ಕ್ಕೆ ಅಂಟಿಕೊಂಡು ದಿನಗಟ್ಟಲೆ ಅಲ್ಲೇ ಇದ್ದುಬಿಡುತ್ತದೆ. ಹೊರಗೆ ತೆಗೆದು ಒಣಗಿಸಿದ ಮೇಲೂ ಇಳಿಯದಿದ್ದರೆ ಬಿಸಾಡಿ.

ಮೀಟರನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ ಒದ್ದೆ ಮರಳಿನಂತೆ ಕಲಸಿ, ಮೀಟರಿನ ಜೊತೆ ಬಿಗಿ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಮೀಟರ್ ಶೇ 75 ತೋರಿಸಬೇಕು. 70 ತೋರಿಸಿದರೆ ಅದು ಐದು ಕಡಿಮೆ ಹೇಳುವ ಮೀಟರ್. ಅಷ್ಟನ್ನು ಕೂಡಿಸಿ ಓದಿ. ಇದಕ್ಕೆ ಪ್ಯಾಕೆಟ್ಟಿನ ಶುದ್ಧೀಕರಿಸಿದ ಉಪ್ಪೇ ಬೇಕು. ಗೋಕರ್ಣದ ಪಕ್ಕದ ಸಾಣಿಕಟ್ಟಾ ಉಪ್ಪು ಮಾವಿನಮಿಡಿ ಉಪ್ಪಿನಕಾಯಿಗೆ ಎಷ್ಟು ಶ್ರೇಷ್ಠವೋ ಇಲ್ಲಿಗೆ ಅಷ್ಟೇ ಅಡ್ಡಿ. ಕಲ್ಲುಪ್ಪಿನಲ್ಲಿ ಮ್ಯಾಗ್ನೀಸಿಯಂ ಲವಣಗಳೂ ಬೆರೆತಿರುತ್ತವೆ, ಮಳೆಗಾಲದಲ್ಲಿ ಅದು ನೀರೊಡೆಯುವುದು ಅದಕ್ಕೇ. ಆಗ 75 ಎಂಬ ಅಂಕಿ ಕೆಳಗೆ ಸರಿಯುತ್ತದೆ.

ಮೀಟರ್ ಎಲ್ಲಿದೆ ಎಂಬುದನ್ನೂ ನೋಡಿ. ಹೊರಪೆಟ್ಟಿಗೆಯಲ್ಲಿ ಶೇ 60 ಇದ್ದರೆ ಇರಲಿ, ಅಲ್ಲಿ ಮೊಟ್ಟೆ ಇಲ್ಲ. ಉಷ್ಣತೆಯ ಪ್ರೋಬ್ ಮಾತ್ರ ಒಳಡಬ್ಬಿಯಲ್ಲಿ, ಮೊಟ್ಟೆಯ ಮಟ್ಟದಲ್ಲೇ ಇರಬೇಕು. ಫ್ಯಾನಿನ ಬಾಯಿಗೆ ನೇತುಹಾಕಿದ ಪ್ರೋಬ್ ಗಾಳಿಯ ಬಿಸಿ ಹೇಳುತ್ತದೆ, ಮೊಟ್ಟೆಯದ್ದಲ್ಲ.

ಬೂಷ್ಟು, ಇರುವೆ, ನೊಣ

ಬೂಷ್ಟು ಸಾಮಾನ್ಯವಾಗಿ ಮೊದಲು ಹಿಡಿಯುವುದು ಸತ್ತ ಮೊಟ್ಟೆಗೆ. ಪಕ್ಕದ ಜೀವಂತ ಮೊಟ್ಟೆಗಳು ತಡೆದುಕೊಳ್ಳುತ್ತವೆ, ಹಾಗಾಗಿ ಗೊಂಚಲಿನಿಂದ ಕಿತ್ತು ತೆಗೆಯಲು ಹೋಗಿ ಒಳ್ಳೆಯ ಮೊಟ್ಟೆಯ ಚಿಪ್ಪು ಹರಿಯಬೇಡಿ. ಒಣ ಹತ್ತಿಯಿಂದ ಒರೆಸಿ, ಮುಚ್ಚಳ ತೆಗೆಯುವುದನ್ನು ವಾರಕ್ಕೆ ಎರಡು ಸಲ ಮಾಡಿ. ಕೊಳೆತು ನೀರು ಸೋರುತ್ತಿದ್ದರೆ ಮಾತ್ರ ಬೇರ್ಪಡಿಸಬೇಕು.

ಬೈತಖೋಲ ಬಂದರಿನ ಕಡೆಯಿಂದ ತಂದ ಹಳೆಯ ಮೀನಿನ ಥರ್ಮೋಕೋಲ್ ಡಬ್ಬಿ ಕಾವುಪೆಟ್ಟಿಗೆಗೆ ಹೇಳಿಮಾಡಿಸಿದ್ದು, ಆದರೆ ಎಷ್ಟು ತೊಳೆದರೂ ಅದರ ವಾಸನೆ ಗೂನುಬೆನ್ನಿನ ಪುಟ್ಟ ನೊಣಗಳನ್ನು ಕರೆಯುತ್ತದೆ. ಅವು ಬಿರುಕು ಬಿಟ್ಟ ಮೊಟ್ಟೆಯಲ್ಲಿ ತತ್ತಿ ಇಡುತ್ತವೆ, ಅದರಿಂದ ಹುಳ ಏಳುತ್ತದೆ. ಕಿಂಡಿಗಳಿಗೆ ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನ ಬಟ್ಟೆ ಅಂಟಿಸಿ. ಇರುವೆಗೆ ಹಳೆಯ ಉಪಾಯವೇ ಸರಿ: ಪೆಟ್ಟಿಗೆ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು.

ಮೇ ತಿಂಗಳ ತೊಂದರೆ ಬೇರೆ

ಬೇಸಿಗೆಯಲ್ಲಿ ಇಟ್ಟ ಮೊಟ್ಟೆ ಮೇ ಸೆಕೆಯಲ್ಲಿ ಬೆಳೆದು ಮಳೆಗಾಲದ ಬಾಗಿಲಲ್ಲಿ ಒಡೆಯುತ್ತದೆ. ಕಾರವಾರದ ಆರ್‌ಸಿಸಿ ಮನೆಯ ಕೋಣೆ ಮೇ ಮಧ್ಯಾಹ್ನ 33 ದಾಟುವುದುಂಟು. ಹೀಟರ್ ಮಾತ್ರ ಇರುವ ಪೆಟ್ಟಿಗೆ ಕೋಣೆಗಿಂತ ತಣ್ಣಗಾಗಲಾರದು. 26ರಿಂದ 29 ಡಿಗ್ರಿ ಕೇಳುವ ಕಾರ್ನ್ ಸ್ನೇಕ್ ಮೊಟ್ಟೆಗೆ ಅದು ನೇರ ಅಪಾಯ. ಬಾಲ್ ಪೈಥಾನಿಗೂ 34ರ ಮೇಲೆ ನಿಂತರೆ ಬೆನ್ನುಮೂಳೆ ಡೊಂಕಾದ ಮರಿಗಳು, ಇಲ್ಲವೇ ಸಾವು. ಆಗ ಗಾಳಿಕಿಂಡಿ ತೆರೆದು ಪ್ರಯೋಜನವಿಲ್ಲ, ಹೊರಗಿನ ಗಾಳಿಯೇ ಬಿಸಿ. ಚಿರೆಕಲ್ಲಿನ ಗೋಡೆಯ ಹಳೆ ಮನೆಯಾದರೆ ನಡುಮನೆಯ ನೆಲದ ಮೇಲೆ ಇಡಿ. ಇಲ್ಲವಾದರೆ ತಣ್ಣಗೂ ಮಾಡಬಲ್ಲ ಪೆಲ್ಟಿಯರ್ ಪೆಟ್ಟಿಗೆ ಬೇಕು. ಐಸ್ ಬಾಟಲಿ ಇಡುವುದರಿಂದ ಉಷ್ಣತೆ ಏರಿಳಿದು, ಬಾಟಲಿ ಬೆವರಿ, ಒಂದರ ಬದಲು ಎರಡು ತೊಂದರೆ.

ಸಮುದ್ರದ ಗಾಳಿಗೆ ಥರ್ಮೋಸ್ಟಾಟಿನ ರಿಲೇ ಕಿಲುಬು ಹಿಡಿದು, ಆನ್ ಆದದ್ದು ಆನ್ ಆಗಿಯೇ ಉಳಿಯಬಹುದು. ಒಂದು ರಾತ್ರಿಯಲ್ಲಿ ಎಲ್ಲ ಮುಗಿಯುತ್ತದೆ. ಎರಡನೇ ಥರ್ಮೋಸ್ಟಾಟನ್ನು ಅದೇ ಲೈನಿನಲ್ಲಿ ಒಂದರ ಹಿಂದೆ ಒಂದರಂತೆ ಜೋಡಿಸಿ, ಒಂದು ಡಿಗ್ರಿ ಮೇಲಕ್ಕೆ ಇಟ್ಟರೆ ಅದು ಕಾವಲಿರುತ್ತದೆ.

ಕಾಗದಪತ್ರದ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಬಾಲ್ ಪೈಥಾನ್, ಹಸಿರು ಇಗ್ವಾನಾ ಎರಡೂ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಇವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಹುಟ್ಟಿದ ಮರಿಗಳ ಲೆಕ್ಕವನ್ನೂ ಕೊಡಬೇಕು. ನಮ್ಮ ಹೆಬ್ಬಾವು, ಉಡ, ನಕ್ಷತ್ರ ಆಮೆ ಇವುಗಳ ಮೊಟ್ಟೆಗೆ ಮನೆಯಲ್ಲಿ ಕಾವು ಕೊಡುವ ಮಾತೇ ಇಲ್ಲ. ದೇವಬಾಗದಲ್ಲೋ ಹೊನ್ನಾವರದ ಕಾಸರಕೋಡಿನಲ್ಲೋ ಕಡಲಾಮೆ ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಪೂರ್ತಿ ಬೆಳೆದು ಒಳಗೇ ಸತ್ತ ಮರಿ

ಹೊಟ್ಟೆ ಉರಿಯುವ ದೋಷ ಇದು. ಐವತ್ತು ದಿನ ಎಲ್ಲ ಚೆನ್ನಾಗಿತ್ತು, ಒಡೆಯಲಿಲ್ಲ. ಸೀಳಿ ನೋಡಿದರೆ ಬಣ್ಣ, ಹುರುಪೆ ಎಲ್ಲ ಮೂಡಿದ ಮರಿ. ಉಷ್ಣತೆಯ ದಾಖಲೆಯಲ್ಲಿ ಏರಿಕೆ ಇಲ್ಲದಿದ್ದರೆ ನಾನು ಮೊದಲು ಶಂಕಿಸುವುದು ಗಾಳಿಯನ್ನು. ಮೊದಲ ವಾರಗಳಲ್ಲಿ ಭ್ರೂಣಕ್ಕೆ ಬೇಕಾದ ಆಮ್ಲಜನಕ ಅತ್ಯಲ್ಪ. ಕೊನೆಯ ಮೂರನೇ ಒಂದು ಪಾಲು ಅವಧಿಯಲ್ಲಿ ಅದು ಹಲವು ಪಟ್ಟು ಏರುತ್ತದೆ, ಹೊರಬಿಡುವ ಇಂಗಾಲದ ಡೈಆಕ್ಸೈಡೂ ಅಷ್ಟೇ. ಮೊದಲ ತಿಂಗಳಿಗೆ ಸರಿಯಿದ್ದ ಬಿಗಿ ಡಬ್ಬಿ ಎರಡನೇ ತಿಂಗಳಿಗೆ ಉಸಿರುಗಟ್ಟಿಸುತ್ತದೆ. ಚಿಕ್ಕ ಡಬ್ಬಿಯಲ್ಲಿ ಎರಡು ಗೊಂಚಲು ಒಟ್ಟಿಗೆ ಇಟ್ಟಿದ್ದರೆ, ಅಥವಾ ಚಿಪ್ಪು ಸದಾ ಒದ್ದೆಯಿದ್ದರೆ, ಇನ್ನೂ ಬೇಗ.

ನಲವತ್ತನೇ ದಿನದಿಂದ ಮುಚ್ಚಳವನ್ನು ಎರಡು ದಿನಕ್ಕೊಮ್ಮೆ ತೆಗೆದು, ಒಂದು ರಟ್ಟಿನಿಂದ ನಾಲ್ಕು ಸಲ ಬೀಸಿ ಮುಚ್ಚಿ. ಫ್ಯಾನನ್ನು ಒಳಡಬ್ಬಿಗೆ ತಿರುಗಿಸಬೇಡಿ. ಮೊದಲ ಮರಿ ಚಿಪ್ಪು ಸೀಳಿ ಮೂಗು ಹೊರಗಿಟ್ಟ ಮೇಲೆ ಅದನ್ನು ಎಳೆಯಬಾರದು. ಹೊಟ್ಟೆಯ ಹಳದಿಯನ್ನು ಹೀರಿಕೊಂಡು ತಾನಾಗಿ ಹೊರಬರಲು ಒಂದು ದಿನವೋ ಎರಡು ದಿನವೋ ಹಿಡಿಯುತ್ತದೆ, ಅಲ್ಲಿಯವರೆಗೆ ತೇವ ಇಳಿದರೆ ಚಿಪ್ಪಿನ ಅಂಚು ಒಣಗಿ ಮರಿಯ ಮೈಗೆ ಅಂಟುತ್ತದೆ. ಮೊದಲನೆಯದು ಸೀಳಿ ಎರಡು ದಿನ ಕಳೆದರೂ ಪಕ್ಕದ ಮೊಟ್ಟೆ ಹಾಗೇ ಇದ್ದರೆ, ಅದರ ಮೇಲ್ತುದಿಯನ್ನು ಕಣ್ಣಿನ ಕೆಲಸದ ಚಿಕ್ಕ ಕತ್ತರಿಯಿಂದ ಬೆರಳಿನ ಉಗುರಷ್ಟು ಮಾತ್ರ, ರಕ್ತನಾಳ ತಪ್ಪಿಸಿ ಕತ್ತರಿಸಿ, ಮತ್ತೆ ಮುಚ್ಚಳ ಹಾಕಿ ಬಿಡಿ.